ಇವತ್ತು ಬೈದು ನಾಳೆ ಕೊಳ್ಳುವ ಗೇಮರ್‌ಗಳ ಸಿಟ್ಟಿಗೆ ಬೆಲೆ ಇದೆಯೇ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಬಿ.ಕಾಂ ಎರಡನೇ ವರ್ಷ ಓದುತ್ತಿದ್ದೇನೆ. ಪಿಯುಸಿಯಿಂದಲೂ ಮೊಬೈಲ್‌ನಲ್ಲಿ, ಈಗ ಪಿಸಿಯಲ್ಲೂ ಗೇಮ್ ಆಡುತ್ತೇನೆ. ಕಂಪನಿಗಳು ಬೆಲೆ ಏರಿಸಿದಾಗ, ಸರ್ವರ್ ಮುಚ್ಚಿದಾಗ, ದುಡ್ಡು ಕೀಳಲು ಹೊಸ ದಾರಿ ಹುಡುಕಿದಾಗಲೆಲ್ಲ ಗೇಮರ್‌ಗಳು ಬೈಕಾಟ್ ಎನ್ನುತ್ತಾರೆ, ಸಾಲಾಗಿ ಒಂದು ಸ್ಟಾರ್ ಕೊಡುತ್ತಾರೆ. ಹೋದ ತಿಂಗಳು ನಾನು 499 ರೂಪಾಯಿ ಕೊಟ್ಟು ಒಂದು ಮೊಬೈಲ್ ಗೇಮಿನ ಸೀಸನ್ ಪಾಸ್ ಕೊಂಡೆ. ಎರಡೇ ವಾರದಲ್ಲಿ ಅದರಲ್ಲಿದ್ದ ಒಂದು ಬಹುಮಾನ ತೆಗೆದುಬಿಟ್ಟರು. ‘ವರ್ಸ್ಟ್ ಗೇಮ್, ದುಡ್ಡು ತಿನ್ನೋ ಕಳ್ಳರು’ ಅಂತ ಬರೆದು ನಾನೂ ಒಂದು ಸ್ಟಾರ್ ಕೊಟ್ಟೆ. ನಮ್ಮಣ್ಣ ನೋಡಿ ನಕ್ಕ. ‘ಇವತ್ತು ಬೈತೀರ, ನಾಳೆ ನೀವೇ ಕೊಳ್ತೀರ, ಕಂಪನಿಯವರಿಗೆ ನಿಮ್ಮ ಕೂಗು ಕೇಳ್ಸೋದೂ ಇಲ್ಲ’ ಅಂದ. ಅವನು ಹೇಳಿದ್ದು ನಿಜವೇ? ನಮ್ಮ ಸಿಟ್ಟಿನಿಂದ ಇದುವರೆಗೆ ಏನಾದರೂ ಬದಲಾಗಿದೆಯೇ? ಇಲ್ಲಿ ಕೂತಿರುವ ನನ್ನಂಥವನ ಮಾತಿಗೆ ಬೆಲೆ ಇದೆಯೇ?

ಉತ್ತರ: ನಿಮ್ಮಣ್ಣನ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಅದಕ್ಕೆ ಸಾಕ್ಷಿಯೂ ಇದೆ. 2009ರ ನವೆಂಬರಿನಲ್ಲಿ ‘ಮಾಡರ್ನ್ ವಾರ್‌ಫೇರ್ 2’ ಎಂಬ ಯುದ್ಧದ ಗೇಮ್ ಬಂದಾಗ ಅದರ ಪಿಸಿ ಆವೃತ್ತಿಯಲ್ಲಿ ಆಟಗಾರರು ತಮ್ಮದೇ ಸರ್ವರ್ ನಡೆಸುವ ಅನುಕೂಲ ಇರಲಿಲ್ಲ. ನೂರಾರು ಜನ ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಬೈಕಾಟ್ ಗುಂಪು ಕಟ್ಟಿದರು, ಕೊಳ್ಳುವುದೇ ಇಲ್ಲ ಎಂದು ಸಾರಿದರು. ಬಿಡುಗಡೆಯಾದ ಮೇಲೆ ಯಾರೋ ಆ ಗುಂಪಿನ ಸದಸ್ಯರ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದರು. ಯಾರು ಈಗ ಯಾವ ಗೇಮ್ ಆಡುತ್ತಿದ್ದಾರೆ ಎಂದು ಹೆಸರಿನ ಕೆಳಗೇ ಸ್ಟೀಮ್ ತೋರಿಸುತ್ತದಲ್ಲ, ಅಲ್ಲಿ ಒಂದರ ಕೆಳಗೊಂದು ಅದೇ ಗೇಮಿನ ಹೆಸರು. ಗೇಮರ್‌ಗಳ ಬೈಕಾಟ್ ಎಂದೊಡನೆ ಇವತ್ತಿಗೂ ಜನ ಆ ಚಿತ್ರವನ್ನೇ ಎತ್ತಿ ತೋರಿಸುತ್ತಾರೆ.

ಆದರೆ ಕೂಗು ಕೇಳಿಸುವುದೇ ಇಲ್ಲ ಎಂಬುದನ್ನು ನಾನು ಒಪ್ಪಲಾರೆ. ಹದಿನಾಲ್ಕು ವರ್ಷ ಬೆಂಗಳೂರಿನ ಗೇಮ್ ಸ್ಟುಡಿಯೋಗಳಲ್ಲಿ ಕೆಲಸ ಮಾಡಿದ್ದೇನೆ. ಕೇಳಿಸದ ದಿನ ಒಂದೂ ಇರಲಿಲ್ಲ. ಕೇಳಿಸಿಕೊಂಡ ಮೇಲೆ ಕಂಪನಿ ಕದಲುತ್ತದೆಯೋ ಇಲ್ಲವೋ ಎಂಬುದೇ ಪ್ರಶ್ನೆ. ನಾನು ಕಂಡಂತೆ ಅದಕ್ಕೆ ಎರಡು ಸಂಗತಿ ಕೂಡಿಬರಬೇಕು. ಒಂದು, ಕಂಪನಿಗೆ ಬರಬೇಕಾದ ದುಡ್ಡು ಇನ್ನೂ ಪೂರ್ತಿ ಕೈಸೇರಿರಬಾರದು. ಇನ್ನೊಂದು, ದೂರು ಯಾರು ಬೇಕಾದರೂ ತಾಳೆ ನೋಡುವಷ್ಟು ಖಚಿತವಾಗಿರಬೇಕು.

ಇವೆರಡೂ ಒಟ್ಟಿಗೆ ಬಂದದ್ದು 2017ರ ನವೆಂಬರಿನಲ್ಲಿ, ಇಎ ಕಂಪನಿಯ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ವಿಷಯದಲ್ಲಿ. ಬಿಡುಗಡೆ 17ಕ್ಕೆ. ಅದಕ್ಕೂ ಮೊದಲೇ ಇಎಯ ಚಂದಾದಾರರಿಗೆ ಕೆಲವು ಗಂಟೆ ಆಡಿ ನೋಡಲು ಬಿಟ್ಟಿದ್ದರು. ಆಡಿದವರು ಲೆಕ್ಕ ಹಾಕಿದರು: ಸ್ಟಾರ್ ವಾರ್ಸ್ ಕಥೆಯ ಹೆಸರಾಂತ ಖಳ ಡಾರ್ತ್ ವೇಡರ್ ಪಾತ್ರ ಬೇಕಾದರೆ 60,000 ಕ್ರೆಡಿಟ್ (ಗೇಮಿನೊಳಗಿನ ನಾಣ್ಯ) ಬೇಕು, ಅಷ್ಟು ಕೂಡಿಸಲು ಸುಮಾರು 40 ಗಂಟೆ ಆಡಬೇಕು. ಬೇಗ ಮುಂದೆ ಹೋಗಬೇಕೆಂದರೆ ದುಡ್ಡು ಕೊಟ್ಟು ಲೂಟ್ ಬಾಕ್ಸ್ ಕೊಳ್ಳಬಹುದು. ಲೂಟ್ ಬಾಕ್ಸ್ ಎಂದರೆ ಮುಚ್ಚಿದ ಪೆಟ್ಟಿಗೆ. ಜಾತ್ರೆಯಲ್ಲಿ ದುಡ್ಡು ಇಸಿದುಕೊಂಡು ಚೀಟಿ ಎತ್ತಿಸುತ್ತಾರಲ್ಲ, ಹಾಗೆ. ಒಳಗೇನಿದೆ ಎಂದು ತೆರೆದ ಮೇಲೇ ಗೊತ್ತಾಗುವುದು. 80 ಡಾಲರ್ ಕೊಟ್ಟವನಿಗೂ ವೇಡರ್‌ಗೆ ಬೀಗವೇ ಎಂದು ಒಬ್ಬ ಆಟಗಾರ ರೆಡ್ಡಿಟ್ ಎಂಬ ಚರ್ಚಾತಾಣದಲ್ಲಿ ಕೇಳಿದ. ಕಷ್ಟಪಟ್ಟು ಗಳಿಸಿದಾಗ ಆಟಗಾರರಿಗೆ ಹೆಮ್ಮೆಯೂ ಸಾಧಿಸಿದ ಖುಷಿಯೂ ಸಿಗಲಿ ಎಂಬುದು ನಮ್ಮ ಉದ್ದೇಶ ಎಂದು ಇಎ ಕಡೆಯಿಂದ ಉತ್ತರ ಬಂತು. ಆ ಒಂದು ಉತ್ತರಕ್ಕೆ 6 ಲಕ್ಷಕ್ಕೂ ಹೆಚ್ಚು ಡೌನ್‌ವೋಟ್, ಅಂದರೆ ಒಪ್ಪುವುದಿಲ್ಲ ಎಂಬ ಮತ, ಬಿದ್ದು ಗಿನ್ನೆಸ್ ದಾಖಲೆ ಪುಸ್ತಕಕ್ಕೆ ಸೇರಿತು.

ಆಮೇಲೆ ನಡೆದದ್ದನ್ನು ಗಮನಿಸಿ. ಇಎ ಪಾತ್ರಗಳ ಬೆಲೆಯನ್ನು 75 ಪರ್ಸೆಂಟ್ ಇಳಿಸಿತು. ವೇಡರ್ 15,000 ಕ್ರೆಡಿಟ್‌ಗೆ ಬಂದ. ಜನ ಅಷ್ಟಕ್ಕೇ ಸುಮ್ಮನಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕೆಲವರು ಮತ್ತೆ ಆಡಿ ನೋಡಿದರು. ಕಥಾಭಾಗ ಮುಗಿಸಿದರೆ ಮೊದಲು 20,000 ಕ್ರೆಡಿಟ್ ಸಿಗುತ್ತಿತ್ತು, ಈಗ 5,000 ಮಾತ್ರ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡಿದ್ದರು. ಈ ಅಂಕಿಗಳನ್ನು ಅಲ್ಲಗಳೆಯಲು ಯಾರಿಂದಲೂ ಆಗುವಂತಿರಲಿಲ್ಲ, ಗೇಮ್ ತೆರೆದವರಿಗೆಲ್ಲ ಕಾಣುತ್ತಿತ್ತು. ಬಿಡುಗಡೆಗೆ ಕೆಲವೇ ಗಂಟೆ ಇರುವಾಗ ಇಎ ದುಡ್ಡಿನ ಖರೀದಿಯನ್ನೇ ಬಂದ್ ಮಾಡಿತು. ಆ ತ್ರೈಮಾಸಿಕದಲ್ಲಿ 1 ಕೋಟಿ ಪ್ರತಿ ಹೋಗುತ್ತದೆ ಎಂದು ಎಣಿಸಿದ್ದರು, ಹೋದದ್ದು 90 ಲಕ್ಷ. ಮುಂದಿನ ಮಾರ್ಚ್ ಹೊತ್ತಿಗೆ ಇಡೀ ವ್ಯವಸ್ಥೆಯನ್ನೇ ಬದಲಿಸಿದರು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಬೆಲ್ಜಿಯಂನಲ್ಲಿ ಆದದ್ದು. ಈ ಗದ್ದಲ ಕೇಳಿ ಅಲ್ಲಿನ ಜೂಜು ನಿಯಂತ್ರಣ ಆಯೋಗ ಲೂಟ್ ಬಾಕ್ಸ್‌ಗಳ ತನಿಖೆಗೆ ಇಳಿಯಿತು. 2018ರ ಏಪ್ರಿಲಿನಲ್ಲಿ ‘ಫಿಫಾ 18’, ‘ಓವರ್‌ವಾಚ್’, ‘ಕೌಂಟರ್-ಸ್ಟ್ರೈಕ್: ಗ್ಲೋಬಲ್ ಆಫೆನ್ಸಿವ್’ ಈ ಮೂರರ ಪೆಟ್ಟಿಗೆಗಳು ಜೂಜಿನ ಕಾನೂನಿಗೆ ವಿರುದ್ಧ ಎಂದು ಹೇಳಿತು. ಬ್ಯಾಟಲ್‌ಫ್ರಂಟ್ ಅಷ್ಟರಲ್ಲಿ ಪೆಟ್ಟಿಗೆ ಮಾರುವುದನ್ನು ಬಿಟ್ಟಿದ್ದರಿಂದ ಪಾರಾಯಿತು. ಇಎ ಕೆಲಕಾಲ ಪಟ್ಟು ಹಿಡಿದು, 2019ರ ಜನವರಿ ಕೊನೆಗೆ ಬೆಲ್ಜಿಯಂನಲ್ಲಿ ಆ ಪೆಟ್ಟಿಗೆ ಕೊಳ್ಳಲು ಬಳಸುವ ಫಿಫಾ ಪಾಯಿಂಟ್ಸ್ ಮಾರುವುದನ್ನು ನಿಲ್ಲಿಸಿತು. ಒಂದು ಗೇಮಿನ ಮೇಲೆ ಹೊರಟ ಸಿಟ್ಟು ಬೇರೆ ಮೂರು ಗೇಮ್‌ಗಳನ್ನು ಹಿಡಿಯಿತು.

ಇನ್ನೊಂದು ಗೆಲುವು ಮೂರೇ ದಿನದಲ್ಲಿ ಬಂತು. 2024ರ ಫೆಬ್ರವರಿಯಲ್ಲಿ ಬಂದ ‘ಹೆಲ್‌ಡೈವರ್ಸ್ 2’ ಭರ್ಜರಿಯಾಗಿ ಓಡುತ್ತಿತ್ತು. ಮೇ 3ರಂದು ಆ ಗೇಮಿನ ಪ್ರಕಾಶಕ ಸೋನಿ ಹೊಸ ಆದೇಶ ಹೊರಡಿಸಿತು: ಸ್ಟೀಮ್‌ನಲ್ಲಿ ಕೊಂಡವರೂ ಸೋನಿಯದೇ ಆದ ಪ್ಲೇಸ್ಟೇಷನ್ ನೆಟ್‌ವರ್ಕ್ ಖಾತೆ ಜೋಡಿಸಲೇಬೇಕು. ಈ ಷರತ್ತು ಸ್ಟೀಮ್ ಪುಟದಲ್ಲಿ ಮೊದಲೇ ಇತ್ತು, ಬಿಡುಗಡೆ ಹೊತ್ತಿನ ತಾಂತ್ರಿಕ ತೊಂದರೆಯಿಂದ ಅದನ್ನು ಸಡಿಲಿಸಿದ್ದರು ಎಂಬುದನ್ನೂ ಹೇಳಬೇಕು. ಆದರೆ ಫಿಲಿಪ್ಪೀನ್ಸ್, ಲಾಟ್ವಿಯಾ, ಎಸ್ಟೋನಿಯಾದಂಥ ಎಷ್ಟೋ ದೇಶಗಳಲ್ಲಿ ಆಗ ಆ ನೆಟ್‌ವರ್ಕೇ ಇರಲಿಲ್ಲ. ಖಾತೆ ತೆರೆಯಲಾಗದ ಊರಿನವರಿಂದ ದುಡ್ಡು ಪಡೆದು ಗೇಮ್ ಮಾರಿದ್ದರು. ಎರಡು ಲಕ್ಷಕ್ಕೂ ಹೆಚ್ಚು ನೆಗೆಟಿವ್ ರಿವ್ಯೂ ಬಿತ್ತು. 177 ದೇಶ, ಪ್ರದೇಶಗಳಲ್ಲಿ ಮಾರಾಟವೇ ನಿಂತಿತು. ಮೇ 6ಕ್ಕೆ ಸೋನಿ ಆದೇಶ ವಾಪಸ್ ಪಡೆಯಿತು. ಆದರೆ ಮಾರಾಟ ನಿಂತಿದ್ದ ದೇಶಗಳಲ್ಲಿ ಅದು ತಿಂಗಳುಗಟ್ಟಲೆ ಮತ್ತೆ ಶುರುವಾಗಲಿಲ್ಲ. ಗೆದ್ದೆವು ಎಂದು ಕುಣಿದವರಲ್ಲಿ ಬಹಳ ಜನ ಈ ಮಾತು ಮರೆತರು. ನನಗೆ ಅದು ಇನ್ನೂ ಬೇಸರದ ವಿಷಯ.

ರಿವ್ಯೂಗೆ ಅಷ್ಟು ಬಲ ಎಲ್ಲಿಂದ ಬಂತು? ಸ್ಟೀಮ್‌ನಲ್ಲಿ ರಿವ್ಯೂ ಎಂದರೆ ಅಂಗಡಿ ಬಾಗಿಲಿಗೇ ಅಂಟಿಸಿದ ಚೀಟಿ. ನಾಳೆ ಕೊಳ್ಳಲು ಬರುವವನು ಅದನ್ನು ಓದದೆ ಒಳಗೆ ಕಾಲಿಡುವುದಿಲ್ಲ. ಕಂಪನಿ ಹೆದರುವುದು ಆ ನಾಳೆಯ ಗಿರಾಕಿ ತಪ್ಪಿಹೋಗುತ್ತಾನೆಂದು.

ಈಗ ಒಳಗಿನ ಕೋಣೆಯ ಮಾತು. ನಾನು ಕೆಲಸ ಮಾಡುತ್ತಿದ್ದ ಒಂದು ಸ್ಟುಡಿಯೋ (ಹೆಸರು ಬೇಡ) ಮೊಬೈಲ್ ಪಜಲ್ ಗೇಮ್ ನಡೆಸುತ್ತಿತ್ತು. ಒಂದು ಗುರುವಾರ ಸಂಜೆ ಅಪ್‌ಡೇಟ್ ಬಿಟ್ಟೆವು. ದುಡ್ಡು ಕೊಟ್ಟು ಕೊಳ್ಳುವ ಪ್ಯಾಕ್‌ನಲ್ಲಿ ಐದಿದ್ದ ‘ಲೈಫ್’ (ಸೋತರೆ ಮತ್ತೆ ಆಡುವ ಅವಕಾಶ) ಮೂರಕ್ಕೆ ಇಳಿದಿತ್ತು, ಬೆಲೆ ಮಾತ್ರ ಹಾಗೇ ಇತ್ತು. ಶನಿವಾರ ಬೆಳಗ್ಗೆ ಹೊತ್ತಿಗೆ ಸ್ಟಾರ್‌ಗಳ ಗ್ರಾಫ್ ಜಾರುಬಂಡೆಯ ಹಾಗೆ ಇಳಿದಿತ್ತು. ನಮ್ಮ ಸಪೋರ್ಟ್ ವಿಭಾಗದಲ್ಲಿ ಹಾಸನದ ಕಡೆಯ ಒಬ್ಬ ಹುಡುಗಿ ಇದ್ದಳು. ಬಂದ ಮೆಸೇಜ್‌ಗಳನ್ನೆಲ್ಲ ಓದುವುದು ಅವಳ ಕೆಲಸ. ಮುಕ್ಕಾಲು ಪಾಲು ಬರೀ ಬೈಗುಳ, ಅದರಲ್ಲೂ ಅಮ್ಮ ಅಕ್ಕನನ್ನು ಎಳೆದು ತಂದವು. ಅವಳು ಅವನ್ನೆಲ್ಲ ‘ಅಬ್ಯೂಸ್’ ಎಂಬ ಫೋಲ್ಡರಿಗೆ ಹಾಕುತ್ತಾ ಹೋದಳು. ಆ ಫೋಲ್ಡರನ್ನು ಮತ್ತೆ ಯಾರೂ ತೆರೆಯುವುದಿಲ್ಲ. ಅದು ಅಲ್ಲಿನ ನಿಯಮ, ಎಲ್ಲ ಕಡೆಯೂ ಸುಮಾರಾಗಿ ಹಾಗೇ.

ಅವುಗಳ ಮಧ್ಯೆ ಒಂದು ಮೆಸೇಜ್ ಇತ್ತು, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡ. ಬರೆದವರು ಸಾರಿಗೆ ಬಸ್ಸಿನ ಕಂಡಕ್ಟರ್. ‘ಗುರುವಾರ ಮಧ್ಯಾಹ್ನ ನನ್ನ ಮಗಳಿಗೆ ಅಂತ 89 ರೂಪಾಯಿ ಕೊಟ್ಟು ಪ್ಯಾಕ್ ತಗೊಂಡೆ, ಐದು ಲೈಫ್ ಅಂತ ಬರೆದಿತ್ತು. ರಾತ್ರಿ ತೆಗೆದು ನೋಡಿದರೆ ಮೂರೇ ಇದೆ. ಎರಡೂ ಫೋಟೋ ಕಳಿಸಿದೀನಿ. ಟಿಕೆಟ್ ಕೊಟ್ಟ ಮೇಲೆ ಅರ್ಧ ದಾರೀಲಿ ಇಳಿಸೋಕಾಗುತ್ತಾ ಸ್ವಾಮಿ?’ ಜೊತೆಗೆ ಎರಡು ಸ್ಕ್ರೀನ್‌ಶಾಟ್, ಪೇಮೆಂಟ್ ಆದ ಸಮಯ. ಆ ಹುಡುಗಿ ಅದನ್ನು ಪ್ರಿಂಟ್ ತೆಗೆದು ಮೀಟಿಂಗ್ ರೂಮಿಗೆ ತಂದು ಜೋರಾಗಿ ಓದಿದಳು. ಅದುವರೆಗೆ ‘ನಾಲ್ಕು ದಿನ ಕೂಗಾಡಿ ತಣ್ಣಗಾಗ್ತಾರೆ’ ಅನ್ನುತ್ತಿದ್ದ ನಮ್ಮ ಮುಖ್ಯಸ್ಥರು ಮೊದಲ ಸಲ ಕಾನೂನು ಸಲಹೆಗಾರರಿಗೆ ಫೋನ್ ಮಾಡಿದರು. ಮಾರಿದ ವಸ್ತುವನ್ನು ಮಾರಿದ ಮೇಲೆ ಕಡಿಮೆ ಮಾಡಿದ್ದೇವೆ ಎಂಬುದು ಆ ಎರಡು ಫೋಟೋದಲ್ಲಿ ಕಣ್ಣಿಗೆ ಹೊಡೆಯುತ್ತಿತ್ತು. ಸೋಮವಾರಕ್ಕೆ ಮೊದಲಿನಂತೆ ಐದು ಲೈಫ್ ಬಂತು. ಅಪ್‌ಡೇಟ್‌ಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಅಂದು ಓದಿದ್ದನ್ನು ಕೇಳಿಸಿಕೊಂಡು ಕೂತದ್ದು ಇನ್ನೂ ನೆನಪಿದೆ.

ಬೈಗುಳದ ಬಗ್ಗೆ ಇನ್ನೂ ಒಂದು ಮಾತು ಹೇಳಲೇಬೇಕು. ಬೆಲೆ ನಿರ್ಧರಿಸುವವರು ಯಾರೂ ಆ ಮೆಸೇಜ್ ಓದುವುದಿಲ್ಲ; ಓದುವುದು ತಿಂಗಳ ಸಂಬಳದ ಆ ಹುಡುಗಿ. 2016ರಲ್ಲಿ ‘ನೋ ಮ್ಯಾನ್ಸ್ ಸ್ಕೈ’ ಬಿಡುಗಡೆ ಕೆಲವು ವಾರ ಮುಂದಕ್ಕೆ ಹೋಯಿತೆಂದು ಅದನ್ನು ಮಾಡಿದ ಶಾನ್ ಮರ್ರಿಗೆ ಕೊಲೆ ಬೆದರಿಕೆಗಳು ಬಂದವು. ಅಂಥ ಒಂದು ಬೆದರಿಕೆ ಸಾಕು, ಕಂಪನಿ ಅದನ್ನೇ ಮುಂದಿಟ್ಟು ಉಳಿದ ನ್ಯಾಯವಾದ ದೂರುಗಳನ್ನೂ ಪಕ್ಕಕ್ಕೆ ಸರಿಸಬಹುದು.

ಸೋಲುಗಳಿಗೂ ಬರೋಣ, ಏಕೆಂದರೆ ಮೊಬೈಲ್ ಗೇಮ್ ಆಡುವ ನಿಮಗೆ ಅವೇ ಹೆಚ್ಚು ಹತ್ತಿರ. ಪುಕ್ಕಟೆ ಮೊಬೈಲ್ ಗೇಮ್‌ನಲ್ಲಿ ನೂರು ಜನ ಆಡಿದರೆ ದುಡ್ಡು ಕೊಡುವವರು ಬೆರಳೆಣಿಕೆಯಷ್ಟು. ಅವರಲ್ಲೂ ಕೆಲವರೇ ಸಾವಿರಗಟ್ಟಲೆ ಸುರಿಯುವುದು. ನಮ್ಮ ಕಸುಬಿನಲ್ಲಿ ಅವರನ್ನು ‘ವೇಲ್’ ಎನ್ನುತ್ತಾರೆ, ತಿಮಿಂಗಿಲ. ಆ ಕೆಲವರು ಇರುವವರೆಗೆ ಉಳಿದವರ ಸಿಟ್ಟು ಲೆಕ್ಕದ ಪುಸ್ತಕವನ್ನು ಮುಟ್ಟುವುದು ಕಷ್ಟ. 2022ರ ಜೂನಿನಲ್ಲಿ ಬಂದ ‘ಡಯಾಬ್ಲೊ ಇಮ್ಮಾರ್ಟಲ್’ ದುಡ್ಡು ಕೀಳುವ ರೀತಿಗೆ ಜನ ಉಗಿದರು, ವಿಮರ್ಶೆಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್ ತಾಣದಲ್ಲಿ ಆಟಗಾರರ ಅಂಕ ಹತ್ತಕ್ಕೆ ಒಂದೂ ಮುಟ್ಟಲಿಲ್ಲ. ಆದರೂ ಸುಮಾರು ಎರಡು ತಿಂಗಳಲ್ಲಿ ಅದರ ಗಳಿಕೆ 10 ಕೋಟಿ ಡಾಲರ್ ದಾಟಿತೆಂದು ಅಂದಾಜು. ಅದು ಬಿಡುಗಡೆಯೇ ಆಗದಿದ್ದುದು ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್‌ನಲ್ಲಿ, ಲೂಟ್ ಬಾಕ್ಸ್ ನಿಯಮಗಳ ದೆಸೆಯಿಂದ. ಐದು ವರ್ಷದ ಹಿಂದೆ ಬೇರೆ ಗೇಮಿನ ಮೇಲೆ ಎದ್ದ ಸಿಟ್ಟು ಕಾನೂನಿನ ಮಾತಾಗಿ ಅಲ್ಲಿ ಕಾದು ನಿಂತಿತ್ತು.

ಹೋಗಲು ಬೇರೆ ಜಾಗ ಇದ್ದಾಗ ಸಿಟ್ಟಿಗೆ ತೂಕ ಬರುತ್ತದೆ ಎಂಬುದಕ್ಕೆ ಯೂನಿಟಿ ಪ್ರಕರಣ ನೋಡಬಹುದು. ಯೂನಿಟಿ ಎಂದರೆ ಗೇಮ್ ಕಟ್ಟುವ ಸಾಫ್ಟ್‌ವೇರ್, ಬೆಂಗಳೂರಿನ ಮೊಬೈಲ್ ಸ್ಟುಡಿಯೋಗಳಲ್ಲಿ ಬಹಳ ಬಳಕೆಯಲ್ಲಿದೆ. 2023ರ ಸೆಪ್ಟೆಂಬರ್ 12ರಂದು, ಒಂದು ಮಿತಿ ದಾಟಿದ ಗೇಮ್‌ಗಳ ಪ್ರತಿ ಇನ್‌ಸ್ಟಾಲ್‌ಗೂ 20 ಸೆಂಟ್‌ವರೆಗೆ ಶುಲ್ಕ ಎಂದು ಅದು ಪ್ರಕಟಿಸಿತು. ಆಗಲೇ ಬಿಡುಗಡೆಯಾಗಿದ್ದ ಗೇಮ್‌ಗಳಿಗೂ ಇದು ಅನ್ವಯ ಎಂಬುದೇ ಎಲ್ಲರನ್ನೂ ಕೆರಳಿಸಿತು. ಡೆವಲಪರ್‌ಗಳು ಬೈದು ಸುಮ್ಮನಾಗಲಿಲ್ಲ, ಗೊಡಾಟ್, ಅನ್‌ರಿಯಲ್ ಎಂಬ ಬೇರೆ ಸಾಫ್ಟ್‌ವೇರ್‌ಗಳ ಕಡೆ ಹೊರಟರು. ಅಕ್ಟೋಬರಿನಲ್ಲಿ ಸಿಇಒ ಜಾನ್ ರಿಕಿಟೆಲ್ಲೊ ಹುದ್ದೆ ಬಿಟ್ಟರು. ಮುಂದಿನ ಸೆಪ್ಟೆಂಬರಿನಲ್ಲಿ ಶುಲ್ಕವನ್ನೇ ಕೈಬಿಟ್ಟರು.

ದುಡ್ಡು ಪೂರ್ತಿ ಕೈಸೇರಿದ ಮೇಲೆ ಏನು ಗತಿ? ಯೂಬಿಸಾಫ್ಟ್‌ನ ‘ದಿ ಕ್ರೂ’ 2014ರಲ್ಲಿ ಬಂದ ಕಾರ್ ರೇಸಿಂಗ್ ಗೇಮ್. ಒಬ್ಬರೇ ಆಡಿದರೂ ಸರ್ವರ್ ಸಂಪರ್ಕ ಬೇಕೇ ಬೇಕು. 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿದರು. ಡಿಸ್ಕ್ ಕೊಂಡವನ ಮನೆಯಲ್ಲಿ ಡಿಸ್ಕ್ ಇದೆ, ಗೇಮ್ ಇಲ್ಲ. ಇಲ್ಲಿ ಒಂದು ಸ್ಟಾರ್ ಕೊಟ್ಟು ಏನು ಉಪಯೋಗ? ಅಂಗಡಿಯಿಂದಲೇ ತೆಗೆದಿದ್ದಾರೆ, ಅಂಟಿಸಲು ಬಾಗಿಲೇ ಇಲ್ಲ. ಇದನ್ನು ಚೆನ್ನಾಗಿ ಅರಿತವರು ರಾಸ್ ಸ್ಕಾಟ್ ಎಂಬ ಯೂಟ್ಯೂಬರ್. ಅವರು ಯೂಬಿಸಾಫ್ಟನ್ನು ಬೈಯುವುದಕ್ಕೆ ಸಮಯ ಕಳೆಯಲಿಲ್ಲ. 2024ರ ಏಪ್ರಿಲಿನಲ್ಲಿ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಶುರು ಮಾಡಿ ಸರ್ಕಾರಗಳ ಕಡೆ ತಿರುಗಿದರು. ಬೇಡಿಕೆ ಒಂದೇ: ಮಾರಿದ ಗೇಮಿಗೆ ಬೆಂಬಲ ನಿಲ್ಲಿಸುವಾಗ ಅದು ಆಡಲು ಬರುವ ಸ್ಥಿತಿಯಲ್ಲಿರಬೇಕು. ಸರ್ವರ್ ಶಾಶ್ವತವಾಗಿ ನಡೆಸಿ ಎಂದು ಅವರು ಕೇಳಲಿಲ್ಲ. ಯುರೋಪಿನಲ್ಲಿ ಒಂದು ವರ್ಷದೊಳಗೆ 10 ಲಕ್ಷ ಸಹಿ ಕೂಡಿದರೆ ಯುರೋಪ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್ ಉತ್ತರ ಕೊಡಲೇಬೇಕೆಂಬ ನಿಯಮವಿದೆ. ಈ ಬೇಡಿಕೆಯ ಅರ್ಜಿಗೆ ತಿಂಗಳುಗಳ ಕಾಲ ಸಹಿ ಅರ್ಧಕ್ಕೇ ನಿಂತಿತ್ತು. 2025ರ ಜೂನ್ ಕೊನೆಗೆ, ಇದು ಸೋಲುವ ಹಾಗಿದೆ ಎಂದು ಸ್ಕಾಟ್ ಒಂದು ವಿಡಿಯೋ ಹಾಕಿದ ಮೇಲೆ ಜನ ಎದ್ದರು. ಜುಲೈ 3ಕ್ಕೆ 10 ಲಕ್ಷ ಆಯಿತು, ತಿಂಗಳ ಕೊನೆಗೆ 14 ಲಕ್ಷ ದಾಟಿತು. ನವೆಂಬರಿನಲ್ಲಿ ಬ್ರಿಟನ್ ಸಂಸತ್ತಿನಲ್ಲೂ ಇದರ ಚರ್ಚೆಯಾಯಿತು. ‘ದಿ ಕ್ರೂ 2’ಕ್ಕೆ ಯೂಬಿಸಾಫ್ಟ್ ಆಫ್‌ಲೈನ್ ಆಡುವ ಅನುಕೂಲ ಸೇರಿಸಿತು. ಮೊದಲ ‘ಕ್ರೂ’ವನ್ನು ಮಾತ್ರ ಕಂಪನಿ ವಾಪಸ್ ತರಲಿಲ್ಲ.

ಕ್ಯಾಲಿಫೋರ್ನಿಯಾದ ಕಾನೂನೂ ಇಲ್ಲಿ ಹೇಳುವಂಥದ್ದು. ಡಿಜಿಟಲ್ ವಸ್ತುವಿನ ಬರೀ ಲೈಸೆನ್ಸ್ ಮಾರುವವರು ಅದನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸದೆ ‘ಖರೀದಿ’ ಎನ್ನಬಾರದು ಎಂದು 2025ರ ಜನವರಿಯಿಂದ ಅಲ್ಲಿ ಜಾರಿಯಾಗಿದೆ. ಅದಕ್ಕೂ ಮೊದಲೇ ಸ್ಟೀಮ್ ತನ್ನ ಕಾರ್ಟ್ ಪುಟದಲ್ಲಿ, ನೀವು ಪಡೆಯುತ್ತಿರುವುದು ಲೈಸೆನ್ಸ್ ಎಂಬ ಸಾಲು ಸೇರಿಸಿತು. ಮುಂದಿನ ಸಲ ಕೊಳ್ಳುವಾಗ ಅದನ್ನು ಓದಿ ನೋಡಿ.

ಈಗ ನಿಮ್ಮ ಮೂರನೇ ಪ್ರಶ್ನೆ. ಯುರೋಪಿನ ಆ ಅರ್ಜಿಗೆ ನೀವು ಸಹಿ ಹಾಕುವಂತಿರಲಿಲ್ಲ, ಅದು ಅಲ್ಲಿನ ನಾಗರಿಕರಿಗೆ ಮಾತ್ರ. ಆದರೆ ಇಲ್ಲಿ ನಿಮ್ಮ ಕೈ ಖಾಲಿ ಇಲ್ಲ. ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ: 2021ರ ನವೆಂಬರಿನಿಂದ ಪ್ಲೇ ಸ್ಟೋರ್ ಫೋನುಗಳಲ್ಲಿ ಆಯಾ ದೇಶದ ರೇಟಿಂಗನ್ನೇ ತೋರಿಸುತ್ತದೆ. ಭಾರತದವರಿಗೆ ಕಾಣುವ ಸ್ಟಾರ್ ಭಾರತದವರು ಕೊಟ್ಟದ್ದು. ಅಮೆರಿಕದ ಲಕ್ಷ ಜನರ ಮಧ್ಯೆ ನಿಮ್ಮ ಒಂದು ಮತ ಕರಗಿಹೋಗುವುದಿಲ್ಲ. ಪ್ಲೇ ಸ್ಟೋರಿನಲ್ಲಿ ಕೊಂಡ 48 ಗಂಟೆಯೊಳಗೆ ರಿಫಂಡ್ ಕೇಳಬಹುದು. ಸ್ಟೀಮ್‌ನಲ್ಲಿ 14 ದಿನ, ಆಡಿದ್ದು ಎರಡು ಗಂಟೆಯೊಳಗಿದ್ದರೆ. ರಿಫಂಡ್ ಸಂಖ್ಯೆ ಏರಿದ ದಿನ ನಮ್ಮ ಆಫೀಸಿನಲ್ಲಿ ಆಗುತ್ತಿದ್ದ ಓಡಾಟ ಕಾಮೆಂಟ್‌ಗಳಿಗೆ ಎಂದೂ ಆದದ್ದಿಲ್ಲ. ಇನ್ನು 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳನ್ನು, ಅಂದರೆ ಗಿರಾಕಿಯನ್ನು ದಾರಿ ತಪ್ಪಿಸುವ ಆನ್‌ಲೈನ್ ತಂತ್ರಗಳನ್ನು, ಹೆಸರಿಸಿ ಮಾರ್ಗಸೂಚಿ ಹೊರಡಿಸಿದೆ. ಒಂದನ್ನು ತೋರಿಸಿ ಇನ್ನೊಂದನ್ನು ಕೊಡುವುದೂ ಅದರಲ್ಲಿ ಸೇರಿದೆ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ನಿಮ್ಮ ಸೀಸನ್ ಪಾಸ್‌ಗೆ 48 ಗಂಟೆ ದಾಟಿದೆ. ಹಾಗಾಗಿ ಮೊದಲು ಆ ರಿವ್ಯೂವನ್ನೇ ತಿದ್ದಿ. ಪ್ಲೇ ಸ್ಟೋರ್‌ನಲ್ಲಿ ಹಳೆಯದನ್ನು ತೆರೆದು ಬದಲಿಸಬಹುದು. ‘ಕಳ್ಳರು’ ಎಂಬುದನ್ನು ತೆಗೆದು ಹೀಗೆ ಬರೆಯಿರಿ: ‘ಇಂಥ ತಾರೀಖು 499 ರೂಪಾಯಿಗೆ ಸೀಸನ್ ಪಾಸ್ ಕೊಂಡೆ. ಕೊಂಡಾಗ ಬಹುಮಾನದ ಪಟ್ಟಿಯಲ್ಲಿ ಇದು ಇತ್ತು. ಇಂಥ ದಿನದ ಅಪ್‌ಡೇಟ್ ಆದ ಮೇಲೆ ಇಲ್ಲ. ಸಪೋರ್ಟ್‌ಗೆ ಬರೆದೆ, ಈ ಉತ್ತರ ಬಂತು.’ ಬಹುಮಾನದ ಹೆಸರನ್ನು ಗೇಮಿನಲ್ಲಿದ್ದ ಹಾಗೇ ಹಾಕಿ. ಸಪೋರ್ಟ್‌ಗೆ ಇನ್ನೂ ಬರೆದಿಲ್ಲವಾದರೆ ಇವತ್ತೇ ಬರೆಯಿರಿ, ಪೇಮೆಂಟ್ ರಸೀದಿಯನ್ನು ಜೊತೆಗೆ ಕಳಿಸಿ. ಹಳೆಯ ಪಟ್ಟಿಯ ಸ್ಕ್ರೀನ್‌ಶಾಟ್ ನಿಮ್ಮ ಹತ್ತಿರ ಇಲ್ಲದಿದ್ದರೆ ಜೊತೆಗೆ ಆಡುವ ಗೆಳೆಯರನ್ನು ಕೇಳಿ, ಯಾರಾದರೊಬ್ಬರ ಫೋನಿನ ಗ್ಯಾಲರಿಯಲ್ಲಿ ಇದ್ದೇ ಇರುತ್ತದೆ. ಎರಡು ವಾರ ಕಾದು ನೋಡಿ. ಉತ್ತರ ಬಾರದಿದ್ದರೆ 1915ಕ್ಕೆ ಫೋನ್ ಮಾಡಿ, ಆ ರಿವ್ಯೂವನ್ನೇ ಓದಿ ಹೇಳಿ.